ಹಿರಿಯೂರು ಸೀಮೆಯ ಪಾರ್ಕಿಂಗ್ ಶಾಸನಗಳು

ಚಿತ್ರದುರ್ಗ ಜಿಲ್ಲೆ ಶಾಸನಗಳಿಗೆ ಹೆಸರಾದದ್ದು. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ಮಯೂರಶರ್ಮನ ಕೆರೆಯ ಸುದ್ದಿ ಹೇಳುವ ಬಂಡೆ ಚಂದ್ರವಳ್ಳಿಯಲ್ಲಿದೆ. ಹಿರಿಯೂರಿನ ಗೇಟುಗಳ ಮೇಲಿನ ಬರಹವನ್ನು ಮಾತ್ರ ವಿದ್ವಾಂಸರು ಕಣ್ಣೆತ್ತಿಯೂ ನೋಡಿಲ್ಲ. ಆ ಕೊರತೆ ನೀಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಾಮಾನ್ಯವಾಗಿ ದೊರೆಯುವ ಪಾಠ: ‘ಗೇಟಿನ ಮುಂದೆ ವಾಹನ ನಿಲ್ಲಿಸಬಾರದು. ನಿಲ್ಲಿಸಿದರೆ ಗಾಳಿ ಬಿಡಲಾಗುವುದು.’ ಲಿಪಿ ಕನ್ನಡ, ಫಲಕ ತಗಡಿನದು, ಕಾಲ ಮೇಲಿನ ಮನೆಗಳು ಭರ್ತಿಯಾದ ಮಾರನೆಯ ದಿನ. ಹಳೆಯ ದಾನಶಾಸನಗಳ ಕೊನೆಯಲ್ಲೂ ಶಾಪ ಬರುತ್ತದೆ: ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಇಲ್ಲಿ ಪಾಪ ಟೈರಿಗೆ ತಗಲುತ್ತದೆ, ಅದೂ ಇದೇ ಜನ್ಮದಲ್ಲಿ. ಇದನ್ನು ಪ್ರಗತಿಯೆಂದೇ ಎಣಿಸಬೇಕು. ಅಂದಿನವರು ತಮ್ಮ ಭೂಮಿಯನ್ನು ಪರರಿಗೆ ಬಿಡುತ್ತಿದ್ದರು. ನಮ್ಮ ಶಾಸನಕರ್ತ ಊರಿನ ರಸ್ತೆಯನ್ನು ತನಗೇ ಬಿಟ್ಟುಕೊಂಡಿದ್ದಾನೆ. ಗಡಿಕಲ್ಲಾಗಿ ಸಿಮೆಂಟು ತುಂಬಿ ಪೈಪು ನೆಟ್ಟ ಪೇಂಟಿನ ಡಬ್ಬಿಯಿದೆ.

ಈ ದತ್ತಿಯ ಮೂಲ ಗಣಿತದಲ್ಲಿದೆ. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಬೇಕು. 30×40 ಸೈಟಿನ ಅಗಲ 9 ಮೀಟರು. ಸೆಟ್‌ಬ್ಯಾಕು, ಕಂಬ, ಮೆಟ್ಟಿಲು, ಸಂಪು ಕಳೆದರೆ ಎರಡು ಕಾರು ನಿಂತರೆ ಪುಣ್ಯ. ಮೇಲೆ ಮನೆ ಆರು. ಆಮೇಲೆ ಆ ಎರಡರ ಜಾಗಕ್ಕೂ ಶಟರ್ ಬಿದ್ದು ಮೊಬೈಲ್ ಅಂಗಡಿಯಾಗುತ್ತದೆ. ಅಂಗಡಿ ಬಾಡಿಗೆ ಕೊಡುತ್ತದೆ, ಕಾರು ಕೊಡುವುದಿಲ್ಲ. ಹೂಡಿಕೆಶಾಸ್ತ್ರದ ಪ್ರಥಮ ಸೂತ್ರವಿದು.

ಹೀಗೆ ಕಟ್ಟಡದ ಕೆಳಗೆ ಕಂಬಗಳ ನಡುವೆ ಬಿಡುವ ಸ್ಟಿಲ್ಟ್ ಪಾರ್ಕಿಂಗು ಬಿಲ್ಡರ್ ಬಿಡಿಬಿಡಿಯಾಗಿ ಮಾರಬಹುದಾದ ಸರಕಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಹೇಳಿತು. ಅದು ಮುಂಬಯಿಯ ಕಟ್ಟಡದ ವ್ಯಾಜ್ಯ, ಮಹಾರಾಷ್ಟ್ರದ ಕಾಯ್ದೆ. ಅಲ್ಲಿಂದ ಹಿರಿಯೂರಿಗೆ ರಾಷ್ಟ್ರೀಯ ಹೆದ್ದಾರಿ 48 ನೇರವಾಗಿಯೇ ಇದೆ. ತೀರ್ಪು ಮಾತ್ರ ದಾವಣಗೆರೆಯ ಆಚೆ ಎಲ್ಲೋ, ಜಾಗ ಸಿಕ್ಕಿತೆಂದು, ನಿಂತುಬಿಟ್ಟಿರಬೇಕು.

ಪಾರ್ಕಿಂಗ್ ಕೇಳಿದ ಬಾಡಿಗೆದಾರನಿಗೆ ದೊರೆಯುವ ಉತ್ತರ ಸರ್ವತ್ರ ಒಂದೇ: “ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ ಸಾರ್, ಜಾಗ ಆದ್ರೆ ಫಸ್ಟು ನಿಮಗೇ.” ಇದಕ್ಕೆ ಸ್ಥಳೀಯ ಆಧಾರವಿಲ್ಲದಿಲ್ಲ. ಇಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ನೀರಿಗೆ ಕಾದ ಸೀಮೆ ಕಾರಿಗೆ ಕಾಯಲಾರದೇ ಎಂಬುದು ಮಾಲೀಕ ಪಂಥದ ವಾದ.

ಹೆಚ್ಚುವರಿ ಪಾರ್ಕಿಂಗ್ ಬೇಕೆಂಬ ಮಾಲೀಕರು ಮೊದಲು ಆ ಶಟರ್ ಎತ್ತಲಿ. ಮನೆ ನೋಡಲು ಹೋಗುವ ಓದುಗರು ಅಡುಗೆಮನೆಯ ಟೈಲ್ಸಿಗೆ ಮರುಳಾಗುವ ಮುನ್ನ ಮಂಜೂರಾದ ನಕ್ಷೆಯನ್ನು ಕೇಳಿ ಪಡೆಯಲಿ. ಮೊಬೈಲ್ ಅಂಗಡಿಯಿರುವ ಕಡೆ ಅದರಲ್ಲಿ ಕಾರಿನ ಗೆರೆ ಎಳೆದಿರುತ್ತದೆ.