ಬ್ರಾಹ್ಮೀ ಮುಹೂರ್ತದ ಪ್ರವಾಸಕ್ಕೊಂದು ತಕರಾರು

ನಮ್ಮ ಕಡೆಯ ಮಧ್ಯಮವರ್ಗದ ಪ್ರವಾಸಗಳೆಲ್ಲ ಬೆಳಗಿನ ಜಾವ ನಾಲ್ಕಕ್ಕೇ ಯಾಕೆ ಶುರುವಾಗಬೇಕು ಎಂದು ಯಾರೂ ಕೇಳಿದಂತಿಲ್ಲ. ಮಂತ್ರಾಲಯವಿರಲಿ ಮಡಿಕೇರಿಯಿರಲಿ, ಹೊರಡುವ ಹಿಂದಿನ ರಾತ್ರಿ ಮನೆಯ ಯಜಮಾನರು "ನಾಲ್ಕಕ್ಕೆ ಬಿಟ್ರೆ ಟ್ರಾಫಿಕ್ ಇರಲ್ಲ" ಎಂದು ಘೋಷಿಸುತ್ತಾರೆ. ಯಜಮಾನಿ ಎರಡೂವರೆಗೇ ಎದ್ದು ಪುಳಿಯೋಗರೆ ಕಲಸುತ್ತಾರೆ. ಕಾರು ಗೇಟು ದಾಟುವುದು ಐದೂಮುಕ್ಕಾಲಿಗೆ. ಅಜ್ಜಿ ತಾತಂದಿರ ಜೊತೆ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ, ಅವರು ಹೇಗೂ ಮೂರೂವರೆಗೆ ಎದ್ದು ಕಾಫಿಗೆ ಕಾಯುತ್ತಿರುತ್ತಾರೆ. ಐದಾರು ವರ್ಷದ ಮಕ್ಕಳ ಜೊತೆಗೂ ನಡೆದೀತು, ಹೊದಿಕೆ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಬಹುದು. ಪೇಚಾಟವೆಲ್ಲ ಹದಿಮೂರು ಹದಿನಾಲ್ಕರವರದು. ಅವರನ್ನು ಎತ್ತಲೂ ಆಗದು, ಎಬ್ಬಿಸಲೂ ಆಗದು. ಇಂಥವರನ್ನು ಕರೆದುಕೊಂಡು ಬೆಂಗಳೂರಿನಿಂದ ಮೈಸೂರಿಗೆ ಎರಡು ದಿನದ ಮಟ್ಟಿಗೆ ಹೋಗಬೇಕೆಂದಿರುವವರು, ನೋಡಬೇಕಾದ ಜಾಗಗಳ ಪಟ್ಟಿ ಬರೆಯುವುದಕ್ಕೂ ಮುಂಚೆ ಒಂದೇ ಒಂದು ತೀರ್ಮಾನಕ್ಕೆ ಬರಬೇಕು ಎಂಬುದು ನನ್ನ ವಾದ: ದಿನ ಶುರುವಾಗುವುದು ಹನ್ನೊಂದಕ್ಕೆ.

ಇದು ಸೋಮಾರಿತನದ ಪರ ವಕಾಲತ್ತಲ್ಲ, ದೇಹಧರ್ಮದ ಮಾತು. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಒಳಗೆ ಜಿನುಗಿ, ಇನ್ನು ಮಲಗಪ್ಪಾ ಎಂದು ಮೈಗೆ ಹೇಳುತ್ತದೆ. ಹರೆಯ ಕಾಲಿಡುತ್ತಿದ್ದಂತೆ ಆ ಹಾರ್ಮೋನು ರಾತ್ರಿ ತಡವಾಗಿ ಬರತೊಡಗುತ್ತದೆ, ಬೆಳಿಗ್ಗೆ ತಡವಾಗಿ ಹೊರಡುತ್ತದೆ. ಹತ್ತಕ್ಕೆ ದೀಪ ಆರಿಸಿ ಮಲಗು ಎಂದರೆ ಹುಡುಗ ಸೂರು ನೋಡುತ್ತಾ ಬಿದ್ದುಕೊಂಡಿರುತ್ತಾನೆ. ಆರಕ್ಕೆ ಏಳು ಎಂದರೆ ಅವನ ಮೈಯೊಳಗೆ ಇನ್ನೂ ನಡುರಾತ್ರಿ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದಿತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಅದಕ್ಕೂ ಮೊದಲೇ, 2014ರಲ್ಲಿ, ಈ ವಯಸ್ಸಿನವರ ಶಾಲೆಗಳು ಎಂಟೂವರೆಗೆ ಮುಂಚೆ ಗಂಟೆ ಬಾರಿಸಬಾರದೆಂದು ಸಲಹೆ ಕೊಟ್ಟಿತ್ತು. ಕ್ಯಾಲಿಫೋರ್ನಿಯಾದವರಂತೂ ಇದಕ್ಕೊಂದು ಕಾನೂನನ್ನೇ ಮಾಡಿದರು. ಇಷ್ಟು ಹೇಳುವ ಹೊತ್ತಿಗೆ ಎದುರಿನಿಂದ "ಎಲ್ಲಾ ಆ ಮೊಬೈಲಿಂದ" ಎಂಬ ಉತ್ತರ ಬಂದೇ ಬರುತ್ತದೆ. ಮೊಬೈಲು ಬೆಂಕಿಗೆ ತುಪ್ಪ ಸುರಿಯುತ್ತದೆ, ಒಪ್ಪೋಣ. ಆದರೆ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಾಡನ್ ಮುಂತಾದವರು ಹರೆಯದವರ ಈ ಗಡಿಯಾರವನ್ನು ಅಳೆದು ಬರೆದದ್ದು 1990ರ ದಶಕದಲ್ಲಿ. ಆಗ ಮನೆಯಲ್ಲಿದ್ದದ್ದು ಡಯಲು ತಿರುಗಿಸುವ ಫೋನು, ಅದಕ್ಕೂ ಅಪ್ಪ ಬೀಗ ಹಾಕಿಡುತ್ತಿದ್ದರು. ಇನ್ನು ಕೆಲವರು ಶಾಲಾ ಪ್ರವಾಸದ ದೃಷ್ಟಾಂತ ತರುತ್ತಾರೆ: ಅವತ್ತು ಮಾತ್ರ ನಾಲ್ಕಕ್ಕೇ ಎದ್ದು ಬಸ್ಸಿನ ಹತ್ತಿರ ನಿಂತಿರುತ್ತಾರಲ್ಲ? ಅವತ್ತು ಅವರು ಎದ್ದಿರುವುದಲ್ಲ, ಮಲಗಿಯೇ ಇರುವುದಿಲ್ಲ. ಅಲ್ಲದೆ ಆ ಬಸ್ಸಿನಲ್ಲಿ ಗೆಳೆಯರಿರುತ್ತಾರೆ. ನಿಮ್ಮ ಕಾರಿನಲ್ಲಿ ಇರುವುದು ನೀವು.

ಮೈಸೂರನ್ನೇ ಹಿಡಿದು ಮಾತಾಡುತ್ತಿರುವುದಕ್ಕೆ ಕಾರಣವಿದೆ. ಆ ಊರೇ ನನ್ನ ಕಡೆಯ ಮೊದಲ ಸಾಕ್ಷಿ. ಅರಮನೆಯ ಬಾಗಿಲು ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ. ನಾಲ್ಕಕ್ಕೆ ಬಿಟ್ಟು ಏಳಕ್ಕೆ ಮೈಸೂರು ಮುಟ್ಟಿದ ಸಾಹಸಿಗಳು ಹತ್ತರವರೆಗೆ ಮಾಡುವುದೇನು? ಹೋಟೆಲಿನವರು ರೂಮು ಕೊಡುವುದು ಹನ್ನೆರಡಕ್ಕೋ ಎರಡಕ್ಕೋ. ಹಾಗಾಗಿ ಇಡೀ ಸಂಸಾರ ಸೂಟ್‌ಕೇಸು, ಪುಳಿಯೋಗರೆ ಡಬ್ಬಿ, ತೂಕಡಿಸುವ ಮಗಳು ಎಲ್ಲದರ ಸಮೇತ ಲಾಬಿಯ ಸೋಫಾದ ಮೇಲೆ ನಿರಾಶ್ರಿತರ ಶಿಬಿರ ಹೂಡುತ್ತದೆ. ಇತ್ತ ಆ ಊರಿನ ವೈಭವವೆಲ್ಲ ಇರುವುದು ಸಂಜೆಯ ಮೇಲೆ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಸಂಸ್ಥಾನ ಅದು. ದೀಪದ ಮೇಲೆ ಅದಕ್ಕಿರುವ ವ್ಯಾಮೋಹ ಇನ್ನೂ ಇಳಿದಿಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತುತ್ತವೆ. ಕನ್ನಂಬಾಡಿ ಕಟ್ಟೆಯ ಕೆಳಗೆ ಮಿರ್ಜಾ ಇಸ್ಮಾಯಿಲ್ಲರು ಆಸ್ಥೆಯಿಂದ ಮಾಡಿಸಿದ ಬೃಂದಾವನದ ಕಾರಂಜಿ ಕುಣಿಯುವುದು ಕತ್ತಲಾದ ಮೇಲೆ. ದಸರೆಯ ಪಂಜಿನ ಕವಾಯತು ರಾತ್ರಿ. ಅಷ್ಟೇ ಏಕೆ, ವಿಜಯದಶಮಿಯ ದಿನ ಸುಮಾರು 750 ಕಿಲೋ ತೂಕದ ಅಂಬಾರಿಯಲ್ಲಿ ಕೂತು ಹೊರಡುವ ಸಾಕ್ಷಾತ್ ಚಾಮುಂಡೇಶ್ವರಿಯೇ ಅರಮನೆಯ ಅಂಗಳ ಬಿಡುವುದು ಮಧ್ಯಾಹ್ನದ ಮೇಲೆ. ತಾಯಿಗೇ ಇಲ್ಲದ ಅವಸರ ಎಂಟನೇ ಕ್ಲಾಸಿನವರಿಗೆ ಯಾಕೆ?

ಟ್ರಾಫಿಕ್ಕಿನ ಆಕ್ಷೇಪಣೆ ಮಾತ್ರ ಗಟ್ಟಿಯಾದದ್ದು, ತಳ್ಳಿಹಾಕುವಂಥದ್ದಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿ ಬಿಡದಿ, ಮದ್ದೂರುಗಳನ್ನು ಪಕ್ಕಕ್ಕೆ ಸರಿಸಿ ಸರ್ರನೆ ಸಾಗುತ್ತದೆ ನಿಜ. ಆದರೆ ಆ ಹೆದ್ದಾರಿ ಮುಟ್ಟಬೇಕಾದರೆ ಬೆಂಗಳೂರನ್ನು ದಾಟಬೇಕು, ಬೆಂಗಳೂರನ್ನು ದಾಟುವುದೇ ಒಂದು ಪ್ರವಾಸ. ಶನಿವಾರ ಹನ್ನೊಂದಕ್ಕೆ ಹೊರಟರೆ ಕೆಂಗೇರಿಯ ಹೊತ್ತಿಗೆ ಮೈಸೂರು ಯಾಕೆ, ಕೆಂಗೇರಿಯಲ್ಲೇ ಉಳಿಯೋಣ ಅನ್ನಿಸಬಹುದು. ಅದಕ್ಕೆ ಪರಿಹಾರ ರೈಲು. ರೈಲಿಗೆ ಕೆಂಗೇರಿಯ ಸಿಗ್ನಲ್ಲುಗಳು ಗೊತ್ತಿಲ್ಲ, ಹಗಲಿಡೀ ಒಂದಲ್ಲ ಒಂದು ಇದ್ದೇ ಇರುತ್ತದೆ. "ಕಾರಲ್ಲೇ ಮಲಗ್ಲಿ ಬಿಡಿ, ನಾಲ್ಕಕ್ಕೇ ಹೋಗೋಣ" ಎನ್ನುವವರಿಗೆ ನನ್ನ ಪ್ರಶ್ನೆ ಬೇರೆ: ನೀವು ಮಲಗಲು ಬಿಡುತ್ತೀರಾ? ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ಎಬ್ಬಿಸುತ್ತೀರಿ. ರಾಮನಗರದ ಬಂಡೆ ಕಂಡ ಕೂಡಲೇ "ನೋಡೋ, ಶೋಲೆ ಶೂಟಿಂಗ್ ಇಲ್ಲೇ ಆಗಿದ್ದು" ಎಂದು ಎಬ್ಬಿಸುತ್ತೀರಿ. ಈ ಮಾತನ್ನು ಹೇಳದೆ ರಾಮನಗರ ದಾಟಿದ ಕನ್ನಡದ ಅಪ್ಪ ಇನ್ನೂ ಹುಟ್ಟಿಲ್ಲ. 1975ರ ಆ ಸಿನಿಮಾವನ್ನು ಹಿಂದಿನ ಸೀಟಿನವರು ನೋಡಿಲ್ಲ, ನೋಡುವ ಅಂದಾಜೂ ಇಲ್ಲ. ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಿನಲ್ಲಿ ವಡೆ. ಶ್ರೀರಂಗಪಟ್ಟಣ ಬಂದರೆ ಹೈಸ್ಕೂಲಿನ ಸಮಾಜ ಪಾಠ ಪೂರ್ತಿ ಒಪ್ಪಿಸುತ್ತೀರಿ. ಅಷ್ಟರಲ್ಲಿ ಮಗುವಿನ ಮುಖ ಊದಿಕೊಂಡು, ಎರಡು ದಿನಕ್ಕಾಗುವಷ್ಟು ಮುನಿಸು ಶೇಖರವಾಗಿರುತ್ತದೆ.

ಮುಂದಿನ ತಕರಾರು ಬಫೆಯದು. ರೂಮಿನ ಬಾಡಿಗೆಯಲ್ಲೇ ಸೇರಿರುವ ತಿಂಡಿಯನ್ನು ಹತ್ತರ ನಂತರ ಎತ್ತಿಡುತ್ತಾರೆ. ದುಡ್ಡು ಕೊಟ್ಟ ತಿಂಡಿ ಬಿಟ್ಟು ಮಲಗಿರುವುದೆಂದರೆ ನಮ್ಮ ಪೈಕಿ ಬಹಳ ಜನಕ್ಕೆ ಶಾಸ್ತ್ರವಿರೋಧಿ ಕೃತ್ಯ. ಲೆಕ್ಕ ಹಾಕಿ ನೋಡೋಣ. ಅರ್ಧ ನಿದ್ದೆಯಲ್ಲಿ ಎಬ್ಬಿಸಿ ತಂದ ಮಗಳು ಆ ಬಫೆಯಲ್ಲಿ ತಿನ್ನುವುದು ಒಂದು ಚಮಚ ಕಾರ್ನ್‌ಫ್ಲೇಕ್ಸು ಮತ್ತು ಮುಕ್ಕಾಲು ತುಂಡು ಕಲ್ಲಂಗಡಿ. ಅವಳ ಪಾಲಿನದನ್ನೂ ವಸೂಲು ಮಾಡಿಯೇ ತೀರುತ್ತೇನೆಂದು ಅಪ್ಪ ನಾಲ್ಕನೇ ವಡೆಗೆ ಕೈಹಾಕುವುದರಿಂದ ಮಧ್ಯಾಹ್ನ ಅವರಿಂದಲೂ ನಡೆಯಲಾಗುವುದಿಲ್ಲ. ಅದೇ ಮಗಳು ಹನ್ನೊಂದಕ್ಕೆ ತಾನಾಗಿ ಎದ್ದು ಬಂದರೆ, ಬೆಣ್ಣೆ ಹಾಕಿದ ಮೈಸೂರಿನ ಮೆತ್ತನೆ ದೋಸೆಯನ್ನು ಎರಡು ಪ್ಲೇಟು ತಿಂದು, ಪ್ರಪಂಚ ಅಷ್ಟೇನೂ ಕೆಟ್ಟದ್ದಲ್ಲ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಜಗಳವಾಡದ ಒಂದು ಮಧ್ಯಾಹ್ನಕ್ಕೆ ಒಂದು ಬಫೆಯ ಬೆಲೆ ದುಬಾರಿಯಲ್ಲ.

ಹಾಗಾದರೆ ಆರರಿಂದ ಹನ್ನೊಂದರವರೆಗೆ ದೊಡ್ಡವರು ಮಾಡುವುದೇನು? ಸಂಸಾರಸ್ಥರು ಪ್ರವಾಸದಲ್ಲಿ ಎಂದೂ ಕಾಣದ ವಸ್ತುವೊಂದು ಇಲ್ಲಿ ಪುಕ್ಕಟೆ ಸಿಗುತ್ತದೆ, ಬಿಡುವು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಬರಬಹುದು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ಗುಡ್ಡೆ ಹಾಕಿದ ಕುಂಕುಮದ ನಡುವೆ, "ಇನ್ನೂ ಎಷ್ಟೊತ್ತು?" ಎಂದು ಯಾರೂ ಕೇಳದ ಹಾಗೆ ಅಡ್ಡಾಡಬಹುದು. ಬಿಸಿ ಕಾಫಿಯನ್ನು ಬಿಸಿ ಇರುವಾಗಲೇ ಕುಡಿಯಬಹುದು. ಮಕ್ಕಳನ್ನು ರೂಮಿನಲ್ಲಿ ಒಂಟಿಯಾಗಿ ಬಿಡಲು ಮನಸ್ಸು ಒಪ್ಪದಿದ್ದರೆ ಇವತ್ತು ಅಪ್ಪ ಪೇಪರು ಹಿಡಿದು ಕಾವಲು, ನಾಳೆ ಅಮ್ಮ. ಸರದಿಯಲ್ಲಿ ಒಬ್ಬೊಬ್ಬರೇ ತಿರುಗುವುದರಲ್ಲಿ ಬೇರೆಯೇ ಸುಖವಿದೆ. ಹೆಚ್ಚು ಬಿಡಿಸಿ ಹೇಳುವುದು ಗೃಹಶಾಂತಿಗೆ ಒಳ್ಳೆಯದಲ್ಲ.

ಹನ್ನೊಂದಕ್ಕೆ ಶುರುವಾದ ದಿನದಲ್ಲಿ ಎಷ್ಟು ಜಾಗ ನೋಡಲಾದೀತು ಎಂಬುದು ಪಟ್ಟಿಪ್ರಿಯರ ಕೊನೆಯ ಅಸ್ತ್ರ. ಎರಡು. ಹೆಚ್ಚೆಂದರೆ ಮೂರು. ಈ ವಯಸ್ಸಿನವರ ತಲೆಯಲ್ಲಿ ಒಂದು ಊರಿನದು ಅದಕ್ಕಿಂತ ಹೆಚ್ಚು ನಿಲ್ಲುವುದೂ ಇಲ್ಲ. ಶನಿವಾರ ಊರು ಮುಟ್ಟಿದ ಮೇಲೆ ನಿಲ್ದಾಣದ ಹತ್ತಿರವೇ ಇರುವ ರೈಲ್ವೆ ಮ್ಯೂಸಿಯಂ ಸಾಕು. 1979ರಲ್ಲಿ ಶುರುವಾದ ಆ ಮ್ಯೂಸಿಯಂನಲ್ಲಿ ಮಹಾರಾಣಿಯವರ ಬೋಗಿಯಿದೆ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರಿದೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಎಂಥ ಬಿಗುಮಾನದ ಹುಡುಗನೂ ಒಪ್ಪುತ್ತಾನೆ, ಪಕ್ಕದಲ್ಲಿ ನೀವು ನಿಲ್ಲದಿದ್ದರೆ. ಭಾನುವಾರ ಅರಮನೆ. ಅಲ್ಲಿ ದಯವಿಟ್ಟು 1399ರ ಯದುರಾಯರಿಂದ ಆರಂಭಿಸಬೇಡಿ. 1897ರಲ್ಲಿ ರಾಜಕುಮಾರಿಯ ಮದುವೆಯ ಗದ್ದಲದಲ್ಲಿ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು, ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯನ್ನು ಕರೆಸಿ 1912ರ ಹೊತ್ತಿಗೆ ಇದನ್ನು ಎಬ್ಬಿಸಿದರು ಎಂದಿಷ್ಟು ಹೇಳಿ ಸುಮ್ಮನಾಗಿ. ಮದುವೆಮನೆಗೆ ಬೆಂಕಿ ಎಂದ ಕೂಡಲೇ ಇಯರ್‌ಫೋನು ಒಂದು ಕಿವಿಯಿಂದಾದರೂ ಕೆಳಗಿಳಿಯುತ್ತದೆ. (ಒಳಗೆ ಚಪ್ಪಲಿ, ಬೂಟು ಹಾಕುವಂತಿಲ್ಲ. ಹರೆಯದವರ ಸಾಕ್ಸಿನ ಪರಿಚಯವಿದ್ದವರು ಬೆಳಿಗ್ಗೆಯೇ ಮುಂಜಾಗ್ರತೆ ವಹಿಸತಕ್ಕದ್ದು.) ಬಿಸಿಲು ತಿರುಗಿದ ಮೇಲೆ ಚಾಮುಂಡಿ ಬೆಟ್ಟದ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು. ಸಂಜೆಯ ಹೊತ್ತಿಗೆ ಅವರ ಮೈಯಲ್ಲಿ ಎಂಥ ಕಸುವು ತುಂಬಿಕೊಳ್ಳುತ್ತದೆಂದರೆ, ದೊಡ್ಡವರು ನಂದಿಯ ಬಳಿ ಏದುಸಿರು ಬಿಡುತ್ತಾ ಭಕ್ತಿಯ ನೆಪದಲ್ಲಿ ಕೂತಿರುವಾಗ ಅವರು ಮೇಲೆ ಹೋಗಿ ಚುರುಮುರಿ ಮುಗಿಸಿರುತ್ತಾರೆ. ಇಳಿಯುವುದಕ್ಕೆ 201ನೇ ನಂಬರಿನ ಸಿಟಿ ಬಸ್ಸಿದೆ.

ಮೃಗಾಲಯದ ವಿಷಯದಲ್ಲಿ ಮಾತ್ರ ನನ್ನ ವಾದ ಕುಂಟುತ್ತದೆ. 1892ರ ಆ ಮೃಗಾಲಯ ಎಂಟೂವರೆಗೆ ತೆರೆಯುತ್ತದೆ, ಪ್ರಾಣಿಗಳು ಲವಲವಿಕೆಯಿಂದ ಓಡಾಡುವುದು ಬೆಳಗಿನ ತಂಪಿನಲ್ಲೇ. ಹನ್ನೆರಡಕ್ಕೆ ಹೋದರೆ ಹುಲಿ ನೆರಳಲ್ಲಿ ಕಾಲು ಚಾಚಿ ಮಲಗಿರುತ್ತದೆ. ಆದರೂ, ರಜೆಯ ದಿನ ಹನ್ನೆರಡಕ್ಕೆ ಮಲಗಿದ್ದರೂ ಅದನ್ನು ಯಾರೂ ಎಬ್ಬಿಸುತ್ತಿಲ್ಲ ಎಂಬುದನ್ನು ನಿಮ್ಮ ಮಗ ಗೌರವದಿಂದ ಗಮನಿಸುತ್ತಾನೆ.

ಇಷ್ಟಾದ ಮೇಲೆ ಉಳಿಯುವುದು ಸೋಮವಾರ. ಭಾನುವಾರ ಏಳಕ್ಕೆ ದೀಪ ನೋಡಿ ಹೊರಟರೆ ಬೆಂಗಳೂರು ಸೇರುವಾಗ ಹನ್ನೊಂದಾಗುತ್ತದೆ, ಮರುದಿನ ಏಳೂವರೆಗೆ ಶಾಲೆಯ ವ್ಯಾನು ಬಂದು ಹಾರನ್ನು ಬಾರಿಸುತ್ತದೆ. ಟ್ರಾಫಿಕ್ಕಿಗೆ ಹೆದರಿ ನಾಲ್ಕಕ್ಕೇ ಮೈಸೂರು ಬಿಟ್ಟು ದೀಪ ತಪ್ಪಿಸಿಕೊಳ್ಳುವವರೇ ಹೆಚ್ಚು. ನಾಲ್ಕು ಎಂಬ ಅಂಕಿಯ ಮೇಲೆ ನಮಗೆ ಅದೇನು ಮೋಹವೋ. ಶಾಲೆ ತಪ್ಪಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಕ್ಯಾಲೆಂಡರು ತೆಗೆದು ಸೋಮವಾರ ರಜೆ ಬಿದ್ದಿರುವ ವಾರ ಹುಡುಕಿ. ಭಾನುವಾರ ರಾತ್ರಿ ಅಲ್ಲೇ ಉಳಿಯಬಹುದು, ಮೃಗಾಲಯಕ್ಕೆ ರಜೆ ಇರುವುದು ಮಂಗಳವಾರ. ರೂಮು ಮಾತ್ರ ಈಗಲೇ ಕಾದಿರಿಸಿ, ಅಂಥ ವಾರಗಳಲ್ಲಿ ಬೇಗ ತುಂಬುತ್ತವೆ. ಫೋನು ಮಾಡಿದಾಗ ಚೆಕ್‌ಔಟ್ ಹನ್ನೆರಡಕ್ಕಿಂತ ಮುಂಚೆ ಇಲ್ಲವೆಂಬುದನ್ನು ಖಾತ್ರಿ ಮಾಡಿಕೊಳ್ಳಿ.