ನೋವಿಗೆ ಹತ್ತರಲ್ಲಿ ಎಷ್ಟು ಮಾರ್ಕು?

2025ರ ದ್ವಿತೀಯ ಪಿಯುಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇ 93.90 ಫಲಿತಾಂಶ ತೆಗೆದು ರಾಜ್ಯಕ್ಕೇ ಮೊದಲು ಬಂತು. ದಕ್ಷಿಣ ಕನ್ನಡವನ್ನು ಅರ್ಧ ಶೇಕಡದೊಳಗೆ ಹಿಂದಿಕ್ಕಿದ ಸಂಭ್ರಮ ಸಣ್ಣದಲ್ಲ. ಬ್ರಹ್ಮಾವರದಿಂದ ಶಿರೂರಿನ ತನಕ ಹೆದ್ದಾರಿಯುದ್ದಕ್ಕೂ ಫ್ಲೆಕ್ಸುಗಳು ಎದ್ದವು: ಇಂಗ್ಲಿಷಿನಲ್ಲಿ 96, ಇಂಗ್ಲಿಷಿನಲ್ಲಿ 98. ಪಕ್ಕದ ಕಂಬಕ್ಕೆ ಇನ್ನೊಂದು ಫ್ಲೆಕ್ಸು: ಮೂವತ್ತೇ ದಿನಗಳಲ್ಲಿ ಇಂಗ್ಲಿಷ್ ಮಾತಾಡಿ. ಎರಡೂ ಫ್ಲೆಕ್ಸುಗಳ ಗಿರಾಕಿ ಒಬ್ಬಳೇ ಹುಡುಗಿ ಎಂಬುದು ನಮ್ಮ ಶಿಕ್ಷಣ ಕ್ರಾಂತಿಯ ಗುಟ್ಟು. ಬರೆದರೆ ನೂರಕ್ಕೆ ತೊಂಬತ್ತೆಂಟು, ಬಾಯಿ ಬಿಟ್ಟರೆ ಹಣ ಕಟ್ಟಬೇಕು.

ಈ ಹುಡುಗಿಗೆ ನೀಟ್‌ನಲ್ಲಿ ಎಂಬಿಬಿಎಸ್ ಕೂದಲೆಳೆಯಲ್ಲಿ ತಪ್ಪುತ್ತದೆ. ಆಗ ಮದುವೆಮನೆಯ ಪಂಕ್ತಿಯಲ್ಲಿ ಕೂತ ನೆಂಟರೊಬ್ಬರು ಪಾಯಸ ಬರುವ ಮೊದಲೇ ಅವಳ ಭವಿಷ್ಯ ತೀರ್ಮಾನಿಸುತ್ತಾರೆ: "ಫಿಸಿಯೋಥೆರಪಿ ಮಾಡ್ಸಿ ಮಾರಾಯ್ರೆ, ಫಾರಿನ್ನಂಗೆ ಭಾರೀ ಡಿಮ್ಯಾಂಡ್ ಇತ್ತಂಬ್ರ್." ಆ 'ಅಂಬ್ರ್' ಯಾರು ಎಂದು ಕುಂದಾಪುರದಲ್ಲಿ ಯಾರೂ ಕೇಳುವುದಿಲ್ಲ. ಅಪ್ಪ ಸಾಲಕ್ಕೆ ಬ್ಯಾಂಕಿಗೆ, ಮಗಳು ಬಸ್ಸಿಗೆ. ಮಣಿಪಾಲವೋ ಮಂಗಳೂರೋ, ಅಲ್ಲಿ ಮೊದಲ ದಿನವೇ ಗೊತ್ತಾಗುವ ಸತ್ಯವೊಂದಿದೆ: ಕೋರ್ಸಿನ ಹೆಸರು ಫಿಸಿಯೋಥೆರಪಿ ಆದರೂ ಕಲಿಯಬೇಕಾದದ್ದು ಇಂಗ್ಲಿಷ್.

ಮೂಲದಲ್ಲಿ ಇದು ಕೈಯ ವಿದ್ಯೆ. 1894ರಲ್ಲಿ ಲಂಡನ್ನಿನ ನಾಲ್ವರು ನರ್ಸುಗಳು, ಮಸಾಜ್ ಎಂದರೆ ಜನ ಮುಸಿಮುಸಿ ನಗುವಂತಾಗಿದ್ದ ಕಾಲದಲ್ಲಿ, ತಮ್ಮ ಕಸುಬಿಗೆ ಮಾನ ತರಲೆಂದು ಸಂಘ ಕಟ್ಟಿದರು. ಇಂದಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥೆಯ ಬೇರು ಅದು. ಮಾನದ ಹುಡುಕಾಟ ಮಾತ್ರ ಇನ್ನೂ ಮುಗಿದಿಲ್ಲ. 2025ರ ಸೆಪ್ಟೆಂಬರ್ 8ರಂದು ವಿಶ್ವ ಫಿಸಿಯೋಥೆರಪಿ ದಿನ ಆಚರಿಸಿ ಕೇಕು ಕತ್ತರಿಸಿದ ನಮ್ಮವರಿಗೆ, ಮರುದಿನ ದೆಹಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಪತ್ರ ಬರೆದು, ಹೆಸರಿನ ಹಿಂದೆ 'ಡಾ.' ಹಾಕಿಕೊಳ್ಳುವಂತಿಲ್ಲ ಎಂದಿತು. ಅದರ ಮರುದಿನ ಇನ್ನೊಂದು ಪತ್ರ ಬರೆದು, ನಿನ್ನೆಯದನ್ನು ಹಿಂದಕ್ಕೆ ಪಡೆಯಿತು. ಒಂದು ರಾತ್ರಿ ಡಾಕ್ಟರಲ್ಲದೆ ಮಲಗಿ ಬೆಳಿಗ್ಗೆ ಮತ್ತೆ ಡಾಕ್ಟರಾಗಿ ಎದ್ದ ಏಕೈಕ ವೃತ್ತಿ ಇದಿರಬೇಕು. ಎರಡೂ ಪತ್ರ ಇಂಗ್ಲಿಷಿನಲ್ಲಿದ್ದವು, ನಿಜವಾದ ಪ್ರೊಫೆಷನಲ್ ಇಂಗ್ಲಿಷಿನಲ್ಲಿ: ಓದಿದವರಿಗೆ ತಮ್ಮ ಸ್ಥಾನ ಯಾವುದೆಂದು ಕೊನೆಗೂ ತಿಳಿಯಬಾರದು.

ಇನ್ನು ತರಗತಿ. ವೃತ್ತಿಗೆ ಬೇಕಾದ ಇಂಗ್ಲಿಷ್ ಎಂದು ಕಲಿಸುವವರು ಪಾಪ, ತಮಗೆ ಕಲಿಸಿದ್ದನ್ನೇ ಕಲಿಸುತ್ತಾರೆ. ಬಿಟ್ಟ ಸ್ಥಳ ತುಂಬಿರಿ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸಿರಿ. ಮೂರು ದಿನ ರಜೆ ಕೋರಿ ಪ್ರಾಂಶುಪಾಲರಿಗೆ ಪತ್ರ ಬರೆಯಿರಿ. ಹಾಗಾಗಿ ನಮ್ಮ ಹುಡುಗಿ ರಜೆ ಕೇಳುವುದರಲ್ಲಿ ಪ್ರವೀಣೆಯಾಗಿ, ಮುಂದೆ ಒಬ್ಬ ಮೂಳೆ ತಜ್ಞರಿಗೆ ರೋಗಿಯ ಬಗ್ಗೆ ಪತ್ರ ಬರೆಯಬೇಕಾದಾಗಲೂ ವಿನಮ್ರ ಪ್ರಾರ್ಥನೆಯೊಂದಿಗೆ ಶುರುಮಾಡಿ, ತಮ್ಮ ವಿಧೇಯಳೆಂದು ಮುಗಿಸುತ್ತಾಳೆ. ನಡುವೆ ರೋಗಿಯ ಭುಜ ಎಲ್ಲಿಯವರೆಗೆ ಏಳುತ್ತದೆ ಎಂದು ಬರೆಯಲು ಜಾಗ ಸಾಲುವುದಿಲ್ಲ.

ಎರಡನೆಯ ಮಜಲು ಕೇಸ್ ಶೀಟ್. ಇದರಲ್ಲಿ ಇಡೀ ಭಾರತಕ್ಕೆ ಒಂದೇ ಸಾಹಿತ್ಯ. ಸಿ ಬೈ ಓ, ಎಚ್ ಬೈ ಓ, ಕೆ ಬೈ ಸಿ ಬೈ ಓ. ಬಳಿಕ ಅಮರ ವಾಕ್ಯ: ಪೇಷೆಂಟ್ ವಾಸ್ ಅಪೆರೆಂಟ್ಲಿ ನಾರ್ಮಲ್ ಟು ಮಂತ್ಸ್ ಬ್ಯಾಕ್. ಎದುರಿಗೆ ಕೂತವಳು ಹೆಮ್ಮಾಡಿಯ ಅಜ್ಜಿ ಎಂದಿಟ್ಟುಕೊಳ್ಳಿ. ಮಕರ ಸಂಕ್ರಾಂತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗನಿಗೆ ಸೇವಂತಿಗೆ ಹೋಗಬೇಕಲ್ಲ, ಅದನ್ನು ಬೆಳೆಯುವ ಊರು ಅದು. ನೆಟ್ಟಿ, ಕಳೆ, ನೀರು, ಕೊಯ್ಲು, ಎಲ್ಲವೂ ಬಗ್ಗಿಯೇ. ನಲವತ್ತು ವರ್ಷ ಬಗ್ಗಿದ ಸೊಂಟ ಎರಡು ತಿಂಗಳ ಹಿಂದಿನವರೆಗೆ ನಾರ್ಮಲ್ ಆಗಿತ್ತೆಂದು ಕೇಸ್ ಶೀಟ್ ಪ್ರಮಾಣ ಮಾಡುತ್ತದೆ.

ಹುಡುಗಿ ತರಬೇತಿಯ ಪ್ರಕಾರ ಕೇಳುತ್ತಾಳೆ: "ಅಜ್ಜಿ, ನಿಮ್ಮ ನೋವು ಸೊನ್ನೆಯಿಂದ ಹತ್ತರ ಒಳಗೆ ಎಷ್ಟು?"

"ನೋವಿಗೂ ಮಾರ್ಕ್ ಕೊಡ್ಕಾ ಮಗಾ? ಹತ್ತರಂಗೆ ಹನ್ನೆರ್ಡ್ ಹಾಕ್."

ಇಷ್ಟಕ್ಕೆ ನಿಲ್ಲಿಸದೆ ಅಜ್ಜಿ ತಾನಾಗಿಯೇ ಮುಂದುವರಿಸುತ್ತಾಳೆ: "ಬೆಳಿಗ್ಗೆ ಎದ್ರೆ ಸೊಂಟ ಕಚ್ಚಿ ಹಿಡಿತ್ತ್. ಗದ್ದಿಗ್ ಹೋಯಿ ನಾಕ್ ಹೂ ಕೊಯ್ಕಂಡ್ ಬಪ್ಪತಿಗೆ ಸಡ್ಲ ಆತ್ತ್. ರಾತ್ರಿ ಮಲ್ಕಂಡ್ರೆ ಕಾಲಿಗ್ ಇಳಿತ್ತ್, ಪಾದಂಗೆ ಇರುವಿ ಹರ್ದಂಗೆ. ಕೂಕಂಡ್ರೆ ಏಳುಕಾತಿಲ್ಲೆ." ಗಮನಿಸಿ. ನೋವು ಯಾವಾಗ ಏರುತ್ತದೆ, ಯಾವುದರಿಂದ ಇಳಿಯುತ್ತದೆ, ಎಲ್ಲಿಗೆ ಹರಿಯುತ್ತದೆ, ನರದ ತಂಟೆ ಇದೆಯೇ, ದಿನದ ಯಾವ ಕೆಲಸಕ್ಕೆ ಅಡ್ಡಿ, ಇಷ್ಟನ್ನೂ ಆಕೆ ನಾಲ್ಕು ಉಸಿರಲ್ಲಿ ಹೇಳಿದ್ದಾಳೆ. ಪಠ್ಯಪುಸ್ತಕ ಇದನ್ನು ಹೊರಡಿಸಲು ಎರಡು ಪುಟದ ಪ್ರಶ್ನಾವಳಿ ಕೊಟ್ಟಿದೆ. ಹುಡುಗಿಗೆ ಪ್ರತಿ ಶಬ್ದವೂ ಅರ್ಥವಾಗಿದೆ, ಅವಳ ಮನೆಯಲ್ಲೂ ಇಂಥದೇ ಅಜ್ಜಿ ಇದ್ದಾಳೆ. ಆದರೆ ಹಾಳೆಯ ಮೇಲೆ ಬೀಳುವುದು ಇಷ್ಟು: ಲೋ ಬ್ಯಾಕ್ ಪೇನ್, ರೇಡಿಯೇಟಿಂಗ್ ಟು ಲೋವರ್ ಲಿಂಬ್, 8/10. ಹನ್ನೆರಡು ಎಂಟಾದದ್ದು ಮಾಡರೇಶನ್.

1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬ ಮನಃಶಾಸ್ತ್ರಜ್ಞ ನೋವನ್ನು ಹೇಳುವ 78 ಶಬ್ದಗಳನ್ನು 20 ಗುಂಪು ಮಾಡಿ ಪ್ರಕಟಿಸಿದ. ಇಂದು ಲೋಕವೆಲ್ಲ ಬಳಸುವ ಮೆಕ್‌ಗಿಲ್ ಪ್ರಶ್ನಾವಳಿ ಅದು. ಆತನಿಗೆ ಆ ಹುಚ್ಚು ಹಿಡಿಸಿದವಳು ಕಾಲು ಕತ್ತರಿಸಿಕೊಂಡಿದ್ದ ಒಬ್ಬ ಮುದುಕಿ. ಇಲ್ಲದ ಕಾಲಿನ ನೋವನ್ನು ಆಕೆ ಬಣ್ಣಿಸುತ್ತಿದ್ದ ರೀತಿಗೆ ಬೆರಗಾಗಿ ಆತ ಶಬ್ದಗಳನ್ನು ಬರೆದಿಟ್ಟುಕೊಳ್ಳತೊಡಗಿದ. ಅಂದರೆ ವಿಜ್ಞಾನ ಅಜ್ಜಿಯ ಮಾತು ಕೇಳಿಯೇ ಶುರುವಾಯಿತು. ನಮ್ಮಲ್ಲಿ ಅದೇ ವಿಜ್ಞಾನ ಅಚ್ಚಾಗಿ ಬಂದ ಮೇಲೆ ಅಜ್ಜಿಗೆ ಸುಮ್ಮನಿರಲು ಹೇಳುತ್ತದೆ.

ಆಮೇಲೆ ರೋಗನಿರ್ಣಯವನ್ನು ರೋಗಿಗೆ ತಿಳಿಸುವ ಶಾಸ್ತ್ರ. ಕೋಟದಲ್ಲಿ ದಿನಕ್ಕೆ ಮೂರು ತೆಂಗಿನಕಾಯಿ ಹೆರೆದು ಮೊಣಕೈ ಹಿಡಿದುಕೊಂಡ ಅಡುಗೆಯವರಿಗೆ 'ಟೆನ್ನಿಸ್ ಎಲ್ಬೋ' ಎಂದು ಬರೆದುಕೊಟ್ಟರೆ ಅವರು ಆಸ್ಪತ್ರೆಯವರಿಗೆ ಬೇರೆ ಯಾರದೋ ಚೀಟಿ ಕೊಟ್ಟಿದ್ದೀರಿ ಎನ್ನುತ್ತಾರೆ. ಬ್ರಹ್ಮಾವರದ ಪಕ್ಕದ ಹಾರಾಡಿ, ಮಟಪಾಡಿ ಎಂದರೆ ಬಡಗುತಿಟ್ಟು ಯಕ್ಷಗಾನದ ಎರಡು ಶೈಲಿಗಳ ತವರು. ರಾತ್ರಿಯಿಡೀ ಮಂಡಿಯೂರಿ ತಿರುತಿರುಗಿ ಕುಣಿದ ಪುಂಡುವೇಷಧಾರಿಯ ಮೊಣಗಂಟು ಬಾತು ಬಂದರೆ, ಪುಸ್ತಕದಲ್ಲಿ ಅದಕ್ಕೆ ಸಿಗುವ ಹೆಸರು 'ಹೌಸ್‌ಮೇಡ್ಸ್ ನೀ'. ನೆಲ ಒರೆಸುತ್ತಿದ್ದ ಇಂಗ್ಲೆಂಡಿನ ಮನೆಗೆಲಸದವಳ ಮಂಡಿ. ಅಭಿಮನ್ಯುವಾಗಿ ಚಕ್ರವ್ಯೂಹ ಹೊಕ್ಕವನು ಬೆಳಿಗ್ಗೆ ಮನೆಗೆಲಸದವಳಾಗಿ ಹೊರಬರುತ್ತಾನೆ. ಬೀಡಿ ಕಟ್ಟುವವರ ಕತ್ತು, ಗೇರುಬೀಜದ ಫ್ಯಾಕ್ಟರಿಯ ಹೆಂಗಸರ ಬೆರಳು, ಗಂಗೊಳ್ಳಿ ಬಂದರಿನಲ್ಲಿ ಮೀನು ಬುಟ್ಟಿ ಹೊತ್ತವರ ನೆತ್ತಿ, ಮುಂಬೈ ಹೋಟೆಲಿನಲ್ಲಿ ದೋಸೆ ಕಾವಲಿಯೆದುರು ಸವೆದು ಊರಿಗೆ ಮರಳಿದವರ ಭುಜ, ಇವಕ್ಕೆಲ್ಲ ಅಲ್ಲಿ ಹೆಸರೇ ಇಲ್ಲ. ಹೆಸರಿಡಲು ಗೊತ್ತಿರುವವಳು ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾಳೆ, ತೊಂದರೆ ಕೊಡಬೇಡಿ.

ವ್ಯಾಯಾಮದ ಚೀಟಿಯೂ ಇಂಗ್ಲಿಷಿನಲ್ಲೇ ಸಿಗುತ್ತದೆ. ಮೂರು ಸೆಟ್, ಹತ್ತು ರೆಪಿಟಿಶನ್, ಐದು ಸೆಕೆಂಡ್ ಹೋಲ್ಡ್. ಅಜ್ಜಿ ಅದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಡುತ್ತಾಳೆ. ಹೋಲ್ಡ್ ಎಂಬ ಒಂದು ಸೂಚನೆಯನ್ನಾದರೂ ಆಕೆ ಚಾಚೂ ತಪ್ಪದೆ ಪಾಲಿಸಿದಂತಾಯಿತು.

ನಾನು ಇಂಗ್ಲಿಷಿನ ವಿರೋಧಿ ಎಂದು ಯಾರಾದರೂ ಇಷ್ಟರಲ್ಲಿ ತೀರ್ಮಾನಿಸಿದ್ದರೆ ಸ್ವಲ್ಪ ತಡೆಯಿರಿ. ಸಂಶೋಧನಾ ಪ್ರಬಂಧ ಓದಲು, ಸರ್ಜನ್ ಬರೆದದ್ದು ತಿಳಿಯಲು, ಒಂದು ಪತ್ರವನ್ನು ಇನ್ನೊಂದು ಊರಿನ ಸಹೋದ್ಯೋಗಿಗೆ ಮುಟ್ಟಿಸಲು ಇಂಗ್ಲಿಷ್ ಬೇಕೇ ಬೇಕು, ಅದೂ ಚೆನ್ನಾಗಿ ಬೇಕು. ಹಳ್ಳಿಯ ಮಕ್ಕಳಿಗೆ ಕನ್ನಡವೇ ಸಾಕು ಎಂದು ಭಾಷಣ ಬಿಗಿದು, ಸ್ವಂತ ಮಕ್ಕಳನ್ನು ಐಸಿಎಸ್‌ಇ ಶಾಲೆಗೆ ಬಿಟ್ಟುಬರುವ ಮಹನೀಯರ ವೇದಿಕೆಯಲ್ಲಿ ನನಗೆ ಕುರ್ಚಿ ಬೇಡ. ನನ್ನ ತಕರಾರು ಹುಡುಗಿಗೆ ಮಾರುತ್ತಿರುವ ಸರಕಿನ ಬಗ್ಗೆ. ಅದು ರೋಗಿಯೊಡನೆ ಮಾತಾಡುವ ಇಂಗ್ಲಿಷೂ ಅಲ್ಲ, ಪತ್ರ ಬರೆಯುವ ಇಂಗ್ಲಿಷೂ ಅಲ್ಲ. ಅಂಜಿಕೆಗೆ ಹೊದಿಸಿದ ಕೋಟು.

ವಾರ್ಡಿನಲ್ಲೊಂದು ತಮಾಷೆ ನಡೆಯುತ್ತಿರುತ್ತದೆ. ದೆಹಲಿ, ಕೊಚ್ಚಿ, ಕೋಲ್ಕತ್ತಾದ ಸಹಪಾಠಿಗಳು ಲೀಲಾಜಾಲವಾಗಿ ಇಂಗ್ಲಿಷ್ ಹರಿಸುತ್ತಾರೆ. ಕ್ಲಾಸಿನಲ್ಲಿ ಅವರೆದುರು ನಮ್ಮ ಬೈಂದೂರಿನವಳು ಬಾಯಿ ಬಿಡುವುದಿಲ್ಲ, 'ಹ್ವಾಯ್' ಎಂದು ನಾಲಿಗೆ ಜಾರಿದರೆ ವಾರವಿಡೀ ನಗೆ. ಆದರೆ ಶಿರೂರಿನಿಂದಲೋ ಕೊಲ್ಲೂರಿನಿಂದಲೋ ರೋಗಿಯೊಬ್ಬರು ಬಂದು ಬಾಯ್ದೆರೆದ ಕೂಡಲೇ ನಾಲ್ಕೂ ಮಂಚದಿಂದ ಅವಳಿಗೆ ಕರೆ. ಏನಂದರು, ಎಲ್ಲಿ ನೋವಂತೆ, ಕೈ ಎತ್ತಲು ಹೇಳು, ಉಸಿರು ಬಿಡಲು ಹೇಳು. ಅಷ್ಟು ಹೊತ್ತು ಅವಳೇ ವಾರ್ಡಿನ ಕಿವಿ, ಅವಳೇ ನಾಲಿಗೆ. ಕೆಲಸ ಮುಗಿದ ಮೇಲೆ ಕಮ್ಯುನಿಕೇಶನ್ ಸ್ಕಿಲ್ಸ್ ಕಾಲಮ್ಮಿನಲ್ಲಿ ದೆಹಲಿಯವನಿಗೆ ಒಂಬತ್ತು, ಇವಳಿಗೆ ಐದು.

ಈಗ ಕಥೆಯ ಅತ್ಯಂತ ರುಚಿಯ ಭಾಗ. ಪದವಿ ಮುಗಿಸಿ ಫಾರಿನ್ನಿನ ಡಿಮ್ಯಾಂಡ್ ಹುಡುಕಿ ಹೊರಟವಳಿಗೆ ಅಡ್ಡ ಬರುವ ಪರೀಕ್ಷೆಗಳಲ್ಲಿ ಒಂದು ಓಇಟಿ, ಅಂದರೆ ಅಕ್ಯುಪೇಶನಲ್ ಇಂಗ್ಲಿಷ್ ಟೆಸ್ಟ್. ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು, ಹನ್ನೆರಡು ಆರೋಗ್ಯ ವೃತ್ತಿಗಳಿಗೆ ನಡೆಯುತ್ತದೆ, ಅದರಲ್ಲಿ ಫಿಸಿಯೋಥೆರಪಿಯೂ ಒಂದು. ಪ್ರತಿ ಭಾಗಕ್ಕೂ ಗರಿಷ್ಠ 500, ಬಿ ದರ್ಜೆಗೆ 350. ಬರವಣಿಗೆಗೆ 45 ನಿಮಿಷ: ಒಂದು ಪತ್ರ, ರಜೆ ಕೋರಿ ಅಲ್ಲ. ಮಾತಿನ ಭಾಗದಲ್ಲಿ ಕೈಗೆ ಒಂದು ಚೀಟಿ ಕೊಡುತ್ತಾರೆ, ಎದುರಿಗೆ ಒಬ್ಬರು ರೋಗಿಯಾಗಿ ಕೂರುತ್ತಾರೆ, ಐದೈದು ನಿಮಿಷದ ಎರಡು ಸಂಭಾಷಣೆ. ಅಲ್ಲಿ ಅಂಕ ಸಿಗುವುದು ಯಾವುದಕ್ಕೆ? ರೋಗಿಯ ದೃಷ್ಟಿಯಿಂದ ತೊಂದರೆಯನ್ನು ತಿಳಿದುಕೊಂಡಿರೇ? ಅವರು ಮಾತಾಡುವಾಗ ತಡೆಯದೆ ಕೇಳಿದಿರೇ? ವೈದ್ಯಕೀಯ ಪರಿಭಾಷೆ ಬಿಟ್ಟು ಸಾಮಾನ್ಯರಿಗೆ ತಿಳಿಯುವಂತೆ ಹೇಳಿದಿರೇ? ಹೇಳಿದ್ದು ಅವರಿಗೆ ಅರ್ಥವಾಯಿತೇ ಎಂದು ವಿಚಾರಿಸಿದಿರೇ? ಹುಡುಗಿ ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ರೇಡಿಯೇಟಿಂಗ್ ಟು ಲೋವರ್ ಲಿಂಬ್ ಅನ್ನು ರೋಗಿಯ ಮುಂದೆ ಆಡಿದರೆ ಅಲ್ಲಿ ಅಂಕ ಕಳೆಯುತ್ತಾರೆ.

ಸರಳವಾಗಿ ಮಾತಾಡುವುದನ್ನು ಮರೆಯಲು ಒಂದು ಸಾಲ, ನೆನಪಿಸಿಕೊಳ್ಳಲು ಇನ್ನೊಂದು ಸಾಲ. ಈ ಎರಡನೆಯದಕ್ಕೆ ಆಸ್ಟ್ರೇಲಿಯನ್ ಡಾಲರಿನಲ್ಲಿ ಶುಲ್ಕ, ಜೊತೆಗೆ ಕೋಚಿಂಗ್. ಕೋಚಿಂಗಿನಲ್ಲಿ ರೋಲ್‌ಪ್ಲೇ ಹೇಗೆ ಮಾಡುವುದೆಂದು ಹೇಳಿಕೊಡುತ್ತಾರೆ. ಚೀಟಿಯಲ್ಲಿ ಎಳೆ ಮಾತ್ರ ಇರುತ್ತದೆ, ಮಾತು ನೀವೇ ಕಟ್ಟಬೇಕು, ಎದುರಿನವರು ಏನು ಹೇಳುತ್ತಾರೋ ಅದಕ್ಕೆ ತಕ್ಕಂತೆ ತಿರುಗಿಸಬೇಕು. ಸಾಲಿಗ್ರಾಮ, ಮಂದಾರ್ತಿಯ ಸೀಮೆಯಲ್ಲಿ ಹುಟ್ಟಿದವಳಿಗೆ ಇದನ್ನು ಹೇಳಿಕೊಡಬೇಕೇ? ತಾಳಮದ್ದಳೆಯೆಂದರೆ ಮತ್ತೇನು? ಪ್ರಸಂಗದ ಪದ್ಯ ಕೊಡುವುದು ಎಳೆಯನ್ನಷ್ಟೆ. ಅರ್ಥಧಾರಿ ಬರೆದ ಮಾತಿಲ್ಲದೆ ಕರ್ಣನಾಗುತ್ತಾನೆ, ಎದುರಿನ ಕೃಷ್ಣ ಎಸೆದ ಪಟ್ಟಿಗೆ ಅಲ್ಲೇ ಮರುಪಟ್ಟು ಹಾಕುತ್ತಾನೆ, ಸಭೆಗೆ ಅರ್ಥವಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಏಕೆಂದರೆ ಸಭೆ ಚಾ ಕುಡಿಯಲು ಎದ್ದು ಹೋಗುತ್ತದೆ. ಐದು ನಿಮಿಷದ ಬದಲು ಐದು ಗಂಟೆ, ನೀರಿನ ಲೋಟ ಒಂದೇ. ಅವಳ ಸೋದರಮಾವ ಭೀಷ್ಮನ ಅರ್ಥ ಹೇಳುವವನಾದರೆ ಮನೆಯಲ್ಲೇ ಮಾಕ್ ಟೆಸ್ಟ್ ಆಗುತ್ತಿತ್ತು. ಆದರೆ ಸೋದರಮಾವನಿಗೆ ಸರ್ಟಿಫಿಕೇಟ್ ಇಲ್ಲ, ಫ್ಲೆಕ್ಸೂ ಇಲ್ಲ.

ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಈ ಸೀಮೆಗೆ ಹೊಸದೂ ಅಲ್ಲ. ಇದೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಕೂತು ಕನ್ನಡದಲ್ಲಿ ಬರೆದು ಹೋದರು. ನಾವೂ ಸುಮ್ಮನೆ ಕೂತಿಲ್ಲ, ಅವರ ಹೆಸರಿನಲ್ಲಿ ಥೀಮ್ ಪಾರ್ಕ್ ಕಟ್ಟಿದ್ದೇವೆ.

ನನ್ನದೊಂದು ಬಡ ಸಲಹೆ. ಓಇಟಿ ಮಾದರಿಯಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳಲ್ಲಿ ಒಂದೊಂದು ಪರೀಕ್ಷಾ ಕೇಂದ್ರ ತೆರೆಯಿರಿ. ಎದುರಿಗೆ ರೋಗಿಯಾಗಿ ಕೂರುವುದೂ ಅಂಕ ಹಾಕುವುದೂ ಹೆಮ್ಮಾಡಿಯ ಅಜ್ಜಿಯರೇ. ಮೊದಲ ಐದು ನಿಮಿಷ ಅಭ್ಯರ್ಥಿ ಅಜ್ಜಿಯ ನೋವನ್ನು ಅವಳ ಮಾತಿನಲ್ಲಿ ಕೇಳಿಕೊಳ್ಳಬೇಕು. ಮುಂದಿನ 45 ನಿಮಿಷದಲ್ಲಿ ಕೇಳಿದ್ದಷ್ಟನ್ನೂ, ಇರುವೆ ಹರಿದದ್ದನ್ನೂ ಬಿಡದೆ, ಒಳ್ಳೆಯ ಇಂಗ್ಲಿಷಿನಲ್ಲಿ ಮಣಿಪಾಲದ ತಜ್ಞರಿಗೆ ಪತ್ರವಾಗಿ ಬರೆಯಬೇಕು. ವ್ಯಾಯಾಮವನ್ನು ಕೈಹಿಡಿದು ತೋರಿಸಿ ಕನ್ನಡದಲ್ಲಿ ಹೇಳಬೇಕು. ಫಲಿತಾಂಶ ಮೂರನೆಯ ದಿನ. ಅಜ್ಜಿ ಮನೆಯಲ್ಲಿ ಆ ವ್ಯಾಯಾಮ ಮಾಡುತ್ತಿದ್ದರೆ ಅಭ್ಯರ್ಥಿ ಪಾಸ್, ಚೀಟಿ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಫೇಲ್. ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ.

ಅಡ್ಡಿಯೊಂದೇ, ಪರೀಕ್ಷಕರು ಸಿಗುವುದು ಕಷ್ಟ. ಜನವರಿಯಲ್ಲಿ ಅವರೆಲ್ಲ ಹೂವಿನ ಗದ್ದೆಯಲ್ಲಿರುತ್ತಾರೆ, ಮಿಕ್ಕ ತಿಂಗಳು ಕುರ್ಚಿಯಲ್ಲಿ ಅಷ್ಟು ಹೊತ್ತು ಕೂರುವ ಸೊಂಟ ಅವರಲ್ಲಿ ಒಬ್ಬರಿಗೂ ಇಲ್ಲ.