ಹುಚ್ಚ ನಮ್ಮ ಲಿಮಿಟ್ಸ್‌ಗೆ ಬರಲ್ಲ

ಮಾನಸಿಕ ಆರೋಗ್ಯದ ಬಗ್ಗೆ ನಮ್ಮ ರಾಜಕಾರಣಿಗಳಿಗೆ ಕಾಳಜಿ ಇಲ್ಲ ಎಂದವರು ಯಾರು? ಒಬ್ಬರು ಬಾಯಿ ಬಿಟ್ಟರೆ ಸಾಕು, ಇನ್ನೊಬ್ಬರು ‘ಅವರನ್ನು ನಿಮ್ಹಾನ್ಸ್‌ಗೆ ಸೇರಿಸಿ’ ಅನ್ನುತ್ತಾರೆ. ಮಾರನೇ ದಿನ ಅವರು ಇವರಿಗೆ ಅಲ್ಲೇ ಬೆಡ್ ಹೇಳುತ್ತಾರೆ. ರಾಜ್ಯದಲ್ಲಿ ಪಕ್ಷಭೇದವಿಲ್ಲದೆ ನಡೆದುಕೊಂಡು ಬಂದಿರುವ ಆರೋಗ್ಯ ಸೇವೆ ಇದೊಂದೇ.

ನಿಜಕ್ಕೂ ಸೇರಿಸಬೇಕಾದವನು ಫ್ಲೈಓವರ್ ಕೆಳಗೆ ಕೂತಿದ್ದಾನೆ. ಅವನ ಹೆಸರು ಯಾವ ಪ್ರೆಸ್‌ಮೀಟಿನಲ್ಲೂ ಬರುವುದಿಲ್ಲ. ವೋಟರ್ ಲಿಸ್ಟಿನಲ್ಲಂತೂ ಇಲ್ಲವೇ ಇಲ್ಲ.

ಅವನು ನಮ್ಮ ಕಣ್ಣಿಗೆ ಬೀಳುವುದು ಕಲ್ಲು ಎತ್ತಿಕೊಂಡ ದಿನ ಮಾತ್ರ. ಅಂದು ಸಂಜೆ ಟಿವಿಯಲ್ಲಿ ‘ಮಾನಸಿಕ ಅಸ್ವಸ್ಥನ ಹುಚ್ಚಾಟ, ಬೆಚ್ಚಿಬಿದ್ದ ಜನ!’ ಕೆಂಪು ಪಟ್ಟಿ, ಕೆಂಪು ಬಾಣ. ಒಂದೇ ಸಿಸಿಟಿವಿ ತುಣುಕು ತಿರುಗಾಮುರುಗಾ. ಸ್ಟುಡಿಯೋದಲ್ಲಿ ಇಬ್ಬರು. ಒಬ್ಬರು ‘ಇಂಥವರನ್ನೆಲ್ಲ ಹಿಡಿದು ಒಳಗೆ ಹಾಕಿ’ ಅನ್ನುತ್ತಾರೆ. ಇನ್ನೊಬ್ಬರು ‘ಅವರಿಗೂ ಹಕ್ಕಿದೆ’ ಅನ್ನುತ್ತಾರೆ. ನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು.

ಒಳಗೆ ಅಂದರೆ ಯಾವುದರೊಳಗೆ? ಮೊದಲನೆಯವರು ಹೇಳುವುದಿಲ್ಲ. ಹಕ್ಕು ಅಂದರೆ ಏನು ಮಾಡುವ ಹಕ್ಕು? ಎರಡನೆಯವರು ಹೇಳುವುದಿಲ್ಲ. ಹುಳ ಬಿದ್ದ ಕಾಲು ಚಾಚಿಕೊಂಡು ಮಳೆಯಲ್ಲಿ ಮಲಗುವ ಹಕ್ಕೆ? ಬ್ರೇಕ್ ಆದ ಮೇಲೆ ಇಬ್ಬರೂ ಕೈಕುಲುಕಿ ಕಾಫಿ ಕುಡಿಯುತ್ತಾರೆ. ಒಬ್ಬರಿಗೆ ಅವನು ಬೀದಿಯಲ್ಲಿ ಕಾಣಬಾರದು. ಇನ್ನೊಬ್ಬರಿಗೆ ಅವನು ಭಾಷಣದಲ್ಲಿ ಇದ್ದರೆ ಸಾಕು. ತಮ್ಮ ಪಕ್ಕದ ಸೈಟಿನಲ್ಲಿ ಬೇಡ ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಮ್ಮತ.

ಪೊಲೀಸರದು ಇನ್ನೂ ಸೋಜಿಗ. ವರ್ಷಾನುಗಟ್ಟಲೆ ಠಾಣೆಯ ಎದುರಿಗೇ ಗಾಳಿಯ ಜೊತೆ ಜಗಳವಾಡುತ್ತ ಓಡಾಡಿದವನು ಅವರಿಗೆ ಅಸ್ವಸ್ಥ ಅನ್ನಿಸುವುದಿಲ್ಲ. ಯಾರೋ ದೇವಸ್ಥಾನದ ಗಾಜು ಒಡೆದು ಊರು ಕುದಿಯಲಿ, ಹಿಡಿದ ಹತ್ತು ನಿಮಿಷಕ್ಕೆ ‘ಆರೋಪಿ ಮಾನಸಿಕ ಅಸ್ವಸ್ಥ’ ಎಂದು ಪ್ರಕಟಣೆ. ಡಾಕ್ಟರು ಬೇಡ, ಪರೀಕ್ಷೆ ಬೇಡ. ನಿಮ್ಹಾನ್ಸ್‌ನಲ್ಲಿ ಎಂಡಿ ಮಾಡಿದವರೂ ಇಷ್ಟು ಬೇಗ ಹೇಳಲಾರರು.

ಕಾನೂನು ಇಲ್ಲವೇ? ಭರ್ಜರಿಯಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿ. ಅದರ 100ನೇ ಸೆಕ್ಷನ್ ಓದಿದರೆ ಕಣ್ಣು ತುಂಬಿ ಬರುತ್ತದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮನೋರೋಗಿ ಕಂಡರೆ ಠಾಣಾಧಿಕಾರಿ ಅವನನ್ನು ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿಗೆ ಹಾಕಕೂಡದು. ಮನೆಯವರನ್ನು ಹುಡುಕಲು ಕೇಸು ದಾಖಲಿಸಬೇಕು. ಆಸ್ಪತ್ರೆಗೆ ಸೇರಿಸುವಷ್ಟು ಇಲ್ಲ, ಮನೆಯೂ ಇಲ್ಲ ಎಂದಾದರೆ ಸರ್ಕಾರಿ ಆಶ್ರಯಕ್ಕೆ ಬಿಡಬೇಕು. ಕರ್ತವ್ಯ ಎಂದೇ ಬರೆದಿದೆ, ‘ಸಾಧ್ಯವಾದರೆ’ ಅಂತಲ್ಲ.

ಇನ್ನೊಂದು ಬೆಡಗಿನ ಅಂಶವಿದೆ. ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ಮಾತಾಡಲು ಒಬ್ಬ ನಾಮನಿರ್ದೇಶಿತ ಪ್ರತಿನಿಧಿ ಬೇಕು. ಅಣ್ಣ ಇಲ್ಲ, ತಮ್ಮ ಇಲ್ಲ, ಹೆಂಡತಿ ಇಲ್ಲ, ಯಾರೂ ಸಿಗಲಿಲ್ಲ ಅಂದರೆ? ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯು ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನೋ ಅವರು ಸೂಚಿಸಿದವರನ್ನೋ ಆ ಜಾಗಕ್ಕೆ ನೇಮಿಸಬೇಕು. ಅಂದರೆ ಫ್ಲೈಓವರ್ ಕೆಳಗಿನ ಅನಾಥನಿಗೆ ಈ ನಾಡಿನಲ್ಲಿ ಒಬ್ಬ ಐಎಎಸ್ ದರ್ಜೆಯ ನೆಂಟನಿದ್ದಾನೆ. ಯಾರ ಭಾಗ್ಯಕ್ಕುಂಟು? ನೆಂಟರು ಮಾತ್ರ ಒಮ್ಮೆಯೂ ನೋಡಲು ಬಂದಂತಿಲ್ಲ. ಎಲ್ಲ ನೆಂಟರೂ ಹಾಗೇ, ಬಿಡಿ.

ನಮ್ಮ ಬಡಾವಣೆಯ ಕತೆ ಕೇಳಿ. ಫ್ಲೈಓವರ್ ಕಂಬದ ಬುಡದಲ್ಲಿ ಒಬ್ಬನಿದ್ದ. ಜಡೆಗಟ್ಟಿದ ಕೂದಲು. ಏಪ್ರಿಲ್ ಬಿಸಿಲಿನಲ್ಲೂ ಒಂದರ ಮೇಲೊಂದು ನಾಲ್ಕು ಅಂಗಿ. ಕಂಬದ ಜೊತೆ ಕೋರ್ಟು ಕೇಸಿನ ವಿಷಯ ಮಾತಾಡುತ್ತಿದ್ದ, ಪಾಪ, ಜಮೀನಿನ ಕೇಸೇ ಇರಬೇಕು. ಎಡಗಾಲಿನ ಗಾಯಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದ. ಪಕ್ಕದ ಟೀ ಗಾಡಿಯಾಕೆ ದಿನಾ ಬೆಳಿಗ್ಗೆ ಪೇಪರ್ ಕಪ್ಪಿನಲ್ಲಿ ಟೀ, ಒಂದು ಬನ್ನು ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ‘ಯಾರ್ಗೂ ಏನೂ ಮಾಡಲ್ಲ ಸಾರ್. ಒಂದೊಂದಿನ ಒಸಿ ಕೂಗಾಡ್ತಾನೆ, ಅಷ್ಟೇಯ.’ ಇಡೀ ಏರಿಯಾದಲ್ಲಿ ಅವನ ಕೇಸ್ ಶೀಟ್ ಇದ್ದದ್ದು ಅವಳ ತಲೆಯಲ್ಲಿ ಮಾತ್ರ.

ಒಂದು ದಿನ ಅವನು ಕಾರಿನ ಸೈಡ್ ಮಿರರ್ ಒಡೆದ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಜೀವ ಬಂತು. ಅದುವರೆಗೆ ಗುಡ್ ಮಾರ್ನಿಂಗ್ ಗುಲಾಬಿ ಕಳಿಸುತ್ತಿದ್ದವರೆಲ್ಲ ಭದ್ರತಾ ತಜ್ಞರಾದರು. ‘ಮಕ್ಕಳು ಓಡಾಡೋ ಜಾಗ.’ ‘ಇವತ್ತು ಮಿರರ್, ನಾಳೆ?’ ಗಮನಿಸಿ, ಅದೇ ತಿಂಗಳು ಅದೇ ರಸ್ತೆಯಲ್ಲಿ ಕುಡಿದು ಗಾಡಿ ಓಡಿಸಿದ ಒಬ್ಬ ಹುಡುಗ ಹಾಲಿನ ಬೂತಿಗೇ ನುಗ್ಗಿದ್ದ. ಆಗ ಗ್ರೂಪು ಮೌನ. ಅವನು ನಮ್ಮ ಬಿ ಬ್ಲಾಕಿನವನು.

112ಕ್ಕೆ ಫೋನು ಹೋಯಿತು, ಗಸ್ತು ಜೀಪು ಬಂತು. ಕಾನ್‌ಸ್ಟೆಬಲ್ ಒಳ್ಳೆಯ ಮನುಷ್ಯನೇ. ಸೆಕ್ಷನ್ 100 ಎಂದೆ. ಅವರು ನನ್ನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿದರು. ‘ಸಾರ್, ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಟೆಂಡರ್ ಯಾರು ಅಂತಾರೆ, ಆಧಾರ್ ಕೇಳ್ತಾರೆ. ರಾತ್ರಿಯೆಲ್ಲ ನಾನೇ ಅಟೆಂಡರ್ ಆಗಿ ಕೂತ್ಕೊಬೇಕು. ಶೆಲ್ಟರ್‌ಗೆ ಹೋದ್ರೆ ತಲೆ ಕೆಟ್ಟೋರ್ನ ನಾವು ತಗೊಳಲ್ಲ ಅಂತಾರೆ. ಇಲ್ಲಿ ಬಿಟ್ರೆ ನೀವು ಬಿಡಲ್ಲ.’ ಇಷ್ಟು ಹೇಳಿ ಕಂಬ ತೋರಿಸಿದರು. ‘ನೋಡಿ, ಈ ಕಂಬದವರೆಗೆ ನಮ್ಮದು. ಆ ಕಂಬದಿಂದ ಪಕ್ಕದ ಸ್ಟೇಷನ್ ಲಿಮಿಟ್ಸು.’

ಲಾಠಿ ತಟ್ಟಿದರು. ಅವನು ಎದ್ದ. ಗಂಟು ಎತ್ತಿಕೊಂಡು ಕುಂಟುತ್ತ ಆ ಕಂಬಕ್ಕೆ ಹೋದ. ಗ್ರೂಪಿನಲ್ಲಿ ಇಪ್ಪತ್ತು ಹೆಬ್ಬೆಟ್ಟು, ಮೂರು ಚಪ್ಪಾಳೆ. ‘ಕ್ವಿಕ್ ಆ್ಯಕ್ಷನ್, ಹ್ಯಾಟ್ಸಾಫ್ ಪೊಲೀಸ್.’

ಕಾನ್‌ಸ್ಟೆಬಲ್ ಮಾಡಿದ್ದನ್ನೇ ಊರಿಗೆ ಊರೇ ದೊಡ್ಡದಾಗಿ ಮಾಡುತ್ತದೆ. ದೇಶದ ಅತಿ ಸ್ವಚ್ಛ ನಗರ ಎಂದು ವರ್ಷವರ್ಷ ಪ್ರಶಸ್ತಿ ಹೊಡೆಯುವ ಇಂದೋರ್ ನೋಡಿ. 2021ರ ಜನವರಿ ಚಳಿಯಲ್ಲಿ ಪಾಲಿಕೆಯ ಸಿಬ್ಬಂದಿ ನಿರಾಶ್ರಿತ ಮುದುಕರನ್ನು ಲಾರಿಗೆ ತುಂಬಿ ಊರಾಚೆ ಹೆದ್ದಾರಿ ಬದಿಯಲ್ಲಿ ಇಳಿಸಿದರು. ಅಲ್ಲಿಯ ಜನ ಜಗಳ ತೆಗೆದು ವಿಡಿಯೊ ಮಾಡಿದ್ದಕ್ಕೆ ವಾಪಸ್ ಹತ್ತಿಸಿಕೊಂಡರು. ಸ್ವಚ್ಛತೆ ಅಂದರೆ ಹಸಿ ಕಸ, ಒಣ ಕಸ, ಮುದಿ ಕಸ. 2025ರ ಜನವರಿಯಿಂದ ಅದೇ ಊರಲ್ಲಿ ಭಿಕ್ಷೆ ಹಾಕಿದವರ ಮೇಲೂ ಕೇಸು. ಹೈದರಾಬಾದಿನಲ್ಲಿ 2017ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರ ಮಗಳು ಉದ್ಯಮಿಗಳ ಶೃಂಗಸಭೆಗೆ ಬರುವ ಹೊತ್ತಿಗೆ ಭಿಕ್ಷಾಟನೆಗೆ ಎರಡು ತಿಂಗಳ ನಿಷೇಧ. ಬಡತನ ತೊಲಗಿಸಲು ದಶಕಗಳು ಬೇಕು ಎನ್ನುತ್ತಾರೆ. ಗಣ್ಯರು ಬರುತ್ತಾರೆ ಎಂದರೆ ಒಂದು ವಾರ ಸಾಕು.

ನಮ್ಮ ಹೆಗ್ಗಳಿಕೆಗೂ ಕಡಿಮೆ ಇಲ್ಲ. ಕರ್ನಾಟಕದಲ್ಲಿ 1975ರಿಂದ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಭಿಕ್ಷುಕರ ಹೆಸರಿನಲ್ಲಿ ಶೇಕಡ 3 ಸೆಸ್ ಇರುತ್ತದೆ. ಭಿಕ್ಷುಕರ ಹೆಸರು ಹೇಳಿ ನಮ್ಮ ಹತ್ತಿರ ಎತ್ತಿದ ಹಣವನ್ನು ಅವರಿಗೆ ಮುಟ್ಟಿಸದೆ ಸ್ಥಳೀಯ ಸಂಸ್ಥೆಗಳು ಕೋಟಿಗಟ್ಟಲೆ ಬಾಕಿ ಇಟ್ಟುಕೊಂಡದ್ದು ಹಳೆಯ ಸುದ್ದಿ. ಕಾಯ್ದೆಯ ಪ್ರಕಾರ ಯಾರನ್ನು ಹಿಡಿಯಬೇಕು ಅಂತ ನನ್ನನ್ನು ಕೇಳಬೇಡಿ.

ಭಿಕ್ಷುಕರನ್ನು ಹಿಡಿದು ಇಡುವ ಬೆಂಗಳೂರು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಒಬ್ಬರ ಹಿಂದೊಬ್ಬರಂತೆ ಜನ ಸತ್ತರು. ವಾಂತಿ, ಭೇದಿ. ಆಗಲೂ ಗದ್ದಲ, ಆಗಲೂ ಭೇಟಿ, ಆಗಲೂ ವರದಿ. ‘ಒಳಗೆ ಹಾಕಿ’ ಎನ್ನುವವರು ಒಳಗೆ ಏನಾಗುತ್ತದೆ ಅಂತ ಒಮ್ಮೆ ನೋಡಿಕೊಂಡು ಬಂದು ಆಮೇಲೆ ಅನ್ನಲಿ. ಒಳಗೆ ಹಾಕುವುದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಇದೆ. 2001ರ ಆಗಸ್ಟ್ 6ರ ನಸುಕು. ದರ್ಗಾದ ಸುತ್ತ ಹುಟ್ಟಿಕೊಂಡಿದ್ದ ಮನೋರೋಗಿಗಳ ಖಾಸಗಿ ‘ಮನೆ’ಗಳಲ್ಲೊಂದಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರು, ಓಡಲಾಗಲಿಲ್ಲ. ಹೊರಗಿನವರ ಸುರಕ್ಷತೆಗೆ ಮಾತ್ರ ಅಲ್ಲಿ ಕಿಂಚಿತ್ತೂ ಲೋಪವಾಗಿರಲಿಲ್ಲ.

ಸಾರ್ವಜನಿಕ ಸುರಕ್ಷತೆ! ಈ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಬೇಕು, ಯಾರಿಂದ ಯಾರಿಗೆ? 2018ರ ಫೆಬ್ರವರಿಯಲ್ಲಿ ಕೇರಳದ ಅಟ್ಟಪ್ಪಾಡಿಯಲ್ಲಿ ಮಾನಸಿಕವಾಗಿ ನರಳುತ್ತ ಕಾಡಿನಲ್ಲಿ ಅಲೆಯುತ್ತಿದ್ದ ಆದಿವಾಸಿ ಯುವಕನನ್ನು ಅಕ್ಕಿ ಕದ್ದ ಅಂತ ಹಿಡಿದು, ಕೈ ಕಟ್ಟಿ, ಹೊಡೆದು ಸಾಯಿಸಿದರು. ಸೆಲ್ಫಿಯನ್ನೂ ತೆಗೆದುಕೊಂಡರು. ಸಂಪೂರ್ಣ ಸಾಕ್ಷರ ಎಂದು ಘೋಷಿಸಿಕೊಂಡ ನಾಡು. ಅದೇ ವರ್ಷ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿ ಊರೂರಲ್ಲಿ ಅಪರಿಚಿತರಿಗೆ ಬಡಿದರು, ನಮ್ಮ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದವನೊಬ್ಬ ಸತ್ತ. ಇಂಥ ವದಂತಿಗೆ ಸುಲಭಕ್ಕೆ ಸಿಗುವವನು ಯಾರು? ಹೆಸರು ಕೇಳಿದರೆ ಉತ್ತರ ಹೇಳಲಾಗದೆ ತಬ್ಬಿಬ್ಬಾಗುವವನು. ಬಡಿದವರೆಲ್ಲ ಸ್ವಸ್ಥರು. ಒಬ್ಬರ ಬಳಿಯೂ ಔಷಧ ಚೀಟಿ ಇರಲಿಲ್ಲ.

ಅಪಾಯವೇ ಇಲ್ಲ ಎಂದು ಸಾಧಿಸಲು ಹೊರಡುವ ಸೆಮಿನಾರಿನವರೂ ಸ್ವಲ್ಪ ನಿಲ್ಲಲಿ. ಚಿಕಿತ್ಸೆಯಿಲ್ಲದೆ ಬಿಟ್ಟ ತೀವ್ರ ಮನೋರೋಗ, ಮೇಲೆ ಗಾಂಜಾ ಅಥವಾ ಹೆಂಡ, ಆಗ ಕೈ ಎತ್ತುವ ಸಂಭವ ಹೆಚ್ಚುತ್ತದೆ. ಅದನ್ನು ಮುಚ್ಚಿಟ್ಟು ಟೀ ಗಾಡಿಯಾಕೆಗೆ ಅನುಕಂಪದ ಪಾಠ ಹೇಳುವುದು ಬೇಡ, ಎರಡು ಹೆಜ್ಜೆ ಹಿಂದೆ ಸರಿಯಬೇಕು ಅಂತ ಅವಳಿಗೆ ಗೊತ್ತು. ಆ ಭಯ ಸುಳ್ಳಲ್ಲ. ಆದರೆ ಆ ವಾಕ್ಯದಲ್ಲಿ ‘ಚಿಕಿತ್ಸೆಯಿಲ್ಲದೆ ಬಿಟ್ಟ’ ಎಂಬುದೂ ಇದೆ. ಬಿಟ್ಟವರು ಯಾರು?

ಲೆಕ್ಕ ನಿಮ್ಹಾನ್ಸ್‌ನದೇ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮನೋರೋಗ ಇರುವವರಲ್ಲಿ ಶೇಕಡ 73.6 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅದೂ ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆ. ಮನೆಯೇ ಇಲ್ಲದವನ ಬಾಗಿಲು ಬಡಿಯುವುದು ಹೇಗೆ? ಅವನು ಆ ಲೆಕ್ಕದಿಂದಲೂ ಹೊರಗೆ.

ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಗುರುತಿಸಿ, ಹಳ್ಳಿಯಲ್ಲೇ ಮಾತ್ರೆ ಕೊಡಬಹುದು. 1996ರಲ್ಲಿ ದೇಶ ಅದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಎತ್ತಿಕೊಂಡಿತು. ದೇಶಕ್ಕೇ ಪಾಠ ಹೇಳಿದ ರಾಜ್ಯ ನಮ್ಮದು. ಪಾಠ ಹೇಳಿದವರು ಹೋಮ್‌ವರ್ಕ್ ಮಾಡಬೇಕಾಗಿಲ್ಲ ಅಂತ ಕಾಣುತ್ತದೆ.

ಚೆನ್ನೈನಲ್ಲಿ 1993ರಿಂದ ‘ದಿ ಬ್ಯಾನಿಯನ್’ ಸಂಸ್ಥೆ ಬೀದಿಯ ಮನೋರೋಗಿ ಹೆಣ್ಣುಮಕ್ಕಳನ್ನು ಕರೆದೊಯ್ದು ನೋಡಿಕೊಳ್ಳುತ್ತಿದೆ. ಮುಂಬೈನ ಮನೋವೈದ್ಯ ಭರತ್ ವಟ್ವಾನಿ ಬೀದಿಯಲ್ಲಿದ್ದವರಿಗೆ ಚಿಕಿತ್ಸೆ ಕೊಟ್ಟು, ಮಾತು ಮರಳಿದ ಮೇಲೆ ಊರು ಕೇಳಿಕೊಂಡು, ರೈಲು ಹತ್ತಿಸಿ ಮನೆ ಸೇರಿಸಿದರು. 2018ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಸರ್ಕಾರದ ಕೆಲಸವನ್ನು ಯಾರೋ ಪುಣ್ಯಾತ್ಮರು ಮಾಡಿದರೆ ಅಭಿನಂದನಾ ಗ್ರಂಥ, ಸರ್ಕಾರ ಮಾಡದಿದ್ದರೆ ಯಾರಿಗೂ ನೋಟಿಸಿಲ್ಲ. ಅಂದ ಹಾಗೆ, ಹಾಗೆ ಮರಳಿದವರನ್ನು ಎಷ್ಟೋ ಮನೆಗಳು ಅತ್ತು ಕರೆದು ಒಳಗೆ ಸೇರಿಸಿಕೊಂಡಿವೆ. ಕೆಲವು ಮನೆಗಳಿಗೆ ಮಾತ್ರ ಸಂಕಟ. ತಿಥಿ ಮಾಡಿಯಾಗಿದೆ, ಭಾಗ ಆಗಿದೆ, ಖಾತೆ ಬದಲಾಗಿದೆ. ಹುಚ್ಚು ಬಿಟ್ಟವನು ಮೊದಲು ಕೇಳುವುದು ಪಹಣಿ ಎಲ್ಲಿ ಅಂತ.

ನಮ್ಮ ಧಾರ್ಮಿಕ ಔದಾರ್ಯವನ್ನು ಮರೆತರೆ ತಪ್ಪಾದೀತು. ಮೈಮೇಲೆ ಬಟ್ಟೆಯಿಲ್ಲದೆ, ಒಗಟಿನಂತೆ ಮಾತಾಡುತ್ತ, ಕಲ್ಲೆಸೆಯುವವನಿಗೆ ಭಕ್ತರು ಸಿಕ್ಕರೆ ಅವಧೂತ. ಸಿಗದಿದ್ದರೆ 112.

ಇಷ್ಟಾದ ಮೇಲೆ ನಮ್ಮ ಏರಿಯಾಕ್ಕೂ ಒಂದು ಪ್ರಸ್ತಾಪ ಬಂತು. ಯಾವುದೋ ಸೇವಾ ಸಂಸ್ಥೆಯವರು ಹಿಂದಿನ ರಸ್ತೆಯ ಖಾಲಿ ಮನೆಯನ್ನು ಬಾಡಿಗೆಗೆ ಹಿಡಿದು, ಚಿಕಿತ್ಸೆ ಮುಗಿಸಿದ ಎಂಟು ಜನರನ್ನು ಇರಿಸುತ್ತೇವೆ ಎಂದರು. 2017ರ ಕಾಯ್ದೆಯಲ್ಲೂ ಇಂಥ ಮನೆಗಳು ಸಮುದಾಯದ ನಡುವೆಯೇ ಇರಬೇಕು ಅಂತಿದೆ. ಕ್ಷೇಮಾಭಿವೃದ್ಧಿ ಸಂಘದ ತುರ್ತು ಸಭೆ ಸೇರಿತು. ಸಂಕ್ರಾಂತಿಗೂ ಅಷ್ಟು ಜನ ಬಂದದ್ದಿಲ್ಲ.

‘ನಾವೂ ಮನುಷ್ಯತ್ವ ಇರೋರೇ ಕಣ್ರೀ’ ಎಂದು ಶುರು ಮಾಡಿದರು ಅಧ್ಯಕ್ಷರು. ಹಾಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಒಬ್ಬರು ಪಾರ್ಕಿಂಗ್ ಸಮಸ್ಯೆ ಎತ್ತಿದರು. ಆ ಎಂಟು ಜನರಿಗೆ ಸೈಕಲ್ಲೂ ಇರಲಿಲ್ಲ. ಇನ್ನೊಬ್ಬರು ಸೈಟ್ ರೇಟ್ ಅಂದರು, ಅದೊಂದೇ ಆ ದಿನದ ಪ್ರಾಮಾಣಿಕ ಮಾತು. ‘ಊರಾಚೆ, ಒಳ್ಳೆ ಗಾಳಿ ಬೆಳಕು ಇರೋ ಕಡೆ ಮಾಡಿದ್ರೆ ಅವರಿಗೇ ಒಳ್ಳೇದಲ್ವಾ?’ ಎಂದು ಒಬ್ಬ ಹಿರಿಯರು ಕರುಣೆಯಿಂದ ಹೇಳಿದರು. ಅವರ ಡಿಪಿಯಲ್ಲಿ ಬಸವಣ್ಣ.

ಪ್ರಸ್ತಾಪ ಬಿತ್ತು. ಬದಲಿಗೆ ಫ್ಲೈಓವರ್ ಕೆಳಗಿನ ಜಾಗಕ್ಕೆ ಎರಡೂ ಬದಿ ಕಬ್ಬಿಣದ ಗ್ರಿಲ್, ಒಳಗೆ ಹೂಕುಂಡ, ಕಂಬಗಳ ಮೇಲೆ ವರ್ಣಚಿತ್ರ ಎಂದು ಮನವಿ ಕೊಟ್ಟರು. ಎರಡೇ ತಿಂಗಳಲ್ಲಿ ಕೆಲಸ ಮುಗಿದಿದೆ. ಗ್ರಿಲ್ ಈ ಕಂಬದಿಂದ ಆ ಕಂಬದವರೆಗೆ, ಅಲ್ಲಿಂದಾಚೆಗೂ ಒಂದೇ ಸಮ ಹೋಗಿದೆ. ಯಾರ ಲಿಮಿಟ್ಸು ಅಂತ ಒಬ್ಬನೂ ಕೇಳಲಿಲ್ಲ.